“ಅದು ಚೀನೀಯರ ತಲೆನೋವು, ನಮಗೇಕೆ?”: ಕನ್ನಡ ಕೂಟದಲ್ಲಿ ಅರ್ಧಕ್ಕೆ ನಿಂತ ವಾದ

ತುಂಗಾತೀರ | ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ನಮ್ಮ ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶುರುವಾಗಿ, ಅಡ್ಮಿನ್ ಮಹಾಶಯರು ಬೀಗ ಜಡಿದದ್ದರಿಂದ ಅರ್ಧಕ್ಕೇ ನಿಂತ ವಾದವೊಂದನ್ನು ಇಲ್ಲಿಗೆ ತಂದಿದ್ದೇನೆ. ಏಷ್ಯಾ ಮೂಲದವರ ಮೇಲಿನ ಹಲ್ಲೆಗಳನ್ನು ಖಂಡಿಸಿ ಇಲ್ಲಿನ ಚೀನೀ, ವಿಯೆಟ್ನಾಮೀ, ಫಿಲಿಪಿನೋ ಸಂಘಗಳು ಸೇರಿ ಒಂದು ಹೇಳಿಕೆ ಹೊರಡಿಸುತ್ತಿವೆ. ಅದರಲ್ಲಿ ಕೂಟದ ಹೆಸರೂ ಇರಲಿ ಎಂದು ಒಬ್ಬರು ಸೂಚಿಸಿದರು. ಬಂದ ಉತ್ತರ: “ಅದು ಚೀನೀಯರ ತಲೆನೋವು. ನಾವು ಓದಿ, ದುಡಿದು, ತೆರಿಗೆ ಕಟ್ಟಿಕೊಂಡು ಮರ್ಯಾದೆಯಿಂದ ಇದ್ದೇವೆ. ಆ ಸಾಲಿನಲ್ಲಿ ನಮ್ಮನ್ನೇಕೆ ನಿಲ್ಲಿಸುತ್ತೀರಿ?” ಸಾಲುಸಾಲಾಗಿ ಹೆಬ್ಬೆರಳುಗಳು ಎದ್ದವು.

ಆ ಸಾಲಿನಲ್ಲಿ ನಾವು ನಿಂತು ನೂರು ವರ್ಷ ದಾಟಿದೆ, ಯಾರೂ ನಮ್ಮನ್ನು ಕೇಳಿ ನಿಲ್ಲಿಸಲಿಲ್ಲ ಎಂಬುದು ನನ್ನ ವಾದ. ಕರುಣೆಯಿಂದ ಸಹಿ ಹಾಕಿ ಎಂದು ನಾನು ಕೇಳುತ್ತಿಲ್ಲ, ಲೆಕ್ಕ ನೋಡಿ ಎನ್ನುತ್ತಿದ್ದೇನೆ.

ನಮ್ಮ ಊರಿನಿಂದಲೇ ತೊಡಗುತ್ತೇನೆ. ಸ್ಯಾನ್ ಹೋಸೆಯ ನಡುಪೇಟೆಯಲ್ಲಿ ಇಂದು ದೊಡ್ಡ ಹೋಟೆಲ್ ನಿಂತಿರುವ ಕಡೆ ಒಂದು ಕಾಲಕ್ಕೆ ಚೀನಾಟೌನ್ ಇತ್ತು. ನಗರಸಭೆ ಅದನ್ನು ಸಾರ್ವಜನಿಕರಿಗೆ ತೊಂದರೆ ಎಂದು ಘೋಷಿಸಿತು. 1887ರ ಮೇ 4ರಂದು ಯಾರೋ ಬೆಂಕಿ ಇಟ್ಟರು, ಸಾವಿರಕ್ಕೂ ಹೆಚ್ಚು ಜನ ಬೀದಿಗೆ ಬಿದ್ದರು. ಅವರಿಗೆ ಬೇರೆಡೆ ತನ್ನ ಜಾಗವನ್ನು ಗೇಣಿಗೆ ಕೊಟ್ಟವನು ಜಾನ್ ಹೈನ್ಲೆನ್ ಎಂಬ ಜರ್ಮನ್ ವಲಸಿಗ, ಅದಕ್ಕಾಗಿ ಅವನೂ ಬೆದರಿಕೆ ಎದುರಿಸಿದ. ನಗರ ಕ್ಷಮೆ ಕೇಳಿದ್ದು 2021ರ ಸೆಪ್ಟೆಂಬರಿನಲ್ಲಿ.

ಆ ಬೆಂಕಿಯ ಹಿಂದೆ ಕಾನೂನಿನ ಗಾಳಿ ಇತ್ತು. ಸಿಯೆರಾ ನೆವಾಡಾದ ಬಂಡೆ ಒಡೆದು, ಹಿಮದಲ್ಲಿ ಹೂತು ಸತ್ತು, ಖಂಡದ ಆಚೀಚೆ ತೀರಗಳನ್ನು ಕೂಡಿಸುವ ರೈಲುದಾರಿ ಹಾಕಿದವರಲ್ಲಿ ಸಾವಿರಾರು ಚೀನೀ ಕೂಲಿಗಳಿದ್ದರು. ಹಳಿ ಕೂಡಿದ್ದು 1869ರಲ್ಲಿ. 1882ಕ್ಕೆ ಅದೇ ದೇಶ ಚೀನೀ ಕಾರ್ಮಿಕರು ಒಳಗೆ ಬರಬಾರದು, ಇಲ್ಲಿರುವ ಚೀನೀಯರಿಗೆ ಪೌರತ್ವ ಸಿಗಬಾರದು ಎಂದು ಕಾಯಿದೆ ಮಾಡಿತು. ಜನಾಂಗದ ಹೆಸರು ಹಿಡಿದು ಮಾಡಿದ ಆ ನಿಷೇಧ 1943ರವರೆಗೆ ನಡೆಯಿತು. ತೆಗೆದುಹಾಕಿದಾಗಲೂ ಕೊಟ್ಟ ಪಾಲು ವರ್ಷಕ್ಕೆ 105 ಮಂದಿ!

1917ರಲ್ಲಿ ಅದೇ ಬೇಲಿಯನ್ನು ಎಳೆದು ಭಾರತವನ್ನೂ ಒಳಗೊಳ್ಳುವಂತೆ “ಏಷ್ಯಾಟಿಕ್ ನಿಷೇಧ ವಲಯ” ಮಾಡಿದರು. ತಾನು ಆರ್ಯನಾದ್ದರಿಂದ ಬಿಳಿಯನೇ ಎಂದು ವಾದಿಸಿದ ಭಗತ್ ಸಿಂಗ್ ಥಿಂಡ್‌ಗೆ 1923ರಲ್ಲಿ ಸುಪ್ರೀಂ ಕೋರ್ಟು ಪೌರತ್ವ ನಿರಾಕರಿಸಿತು. “ನಾವು ಅವರಂತಲ್ಲ” ಎಂಬ ವಾದವನ್ನು ನಮ್ಮವರು ನೂರು ವರ್ಷದ ಹಿಂದೆಯೇ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಮಂಡಿಸಿ ಸೋತಿದ್ದಾರೆ. ಗುಂಪಿನ ಹೆಬ್ಬೆರಳುಗಳಿಗೆ ಇದು ಗೊತ್ತಿರಲಿ.

ಇನ್ನು ಗಳಿಕೆಯ ಕಡೆ. ಯುಗಾದಿ ಕಾರ್ಯಕ್ರಮದಲ್ಲಿ ವೇದಿಕೆ ಹತ್ತುವ ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಹುಟ್ಟುವಾಗ ಅಪ್ಪ ಅಮ್ಮ ಇಬ್ಬರೂ ವೀಸಾದ ಮೇಲಿದ್ದರು. ಆದರೂ ಮಕ್ಕಳು ಅಮೆರಿಕದ ಪ್ರಜೆಗಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವನನ್ನು ಚೀನಾಕ್ಕೆ ಹೋಗಿ ಮರಳುವಾಗ ಹಡಗಿನಿಂದ ಇಳಿಯಗೊಡಲಿಲ್ಲ. ಅವನು ದಾವೆ ಹೂಡಿದ. 1898ರಲ್ಲಿ ಗೆದ್ದ. ತಂದೆತಾಯಿ ಯಾವ ಜನಾಂಗದವರಾದರೂ ಈ ನೆಲದಲ್ಲಿ ಹುಟ್ಟಿದವನು ಈ ನೆಲದ ಪ್ರಜೆ ಎಂಬ ತೀರ್ಪು ಅವನ ಹೆಸರಿನಲ್ಲಿದೆ. 2025ರ ಜನವರಿಯಲ್ಲಿ, ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಹುಟ್ಟಿನ ಪೌರತ್ವವಿಲ್ಲ ಎಂಬ ಅಧ್ಯಕ್ಷರ ಆದೇಶ ಹೊರಟಾಗ ನಮ್ಮ ಗುಂಪಿನಲ್ಲಿ ಎಷ್ಟು ಗಾಬರಿ ಎದ್ದಿತು! ಆದೇಶವನ್ನು ಪ್ರಶ್ನಿಸಿದ ವಕೀಲರು ನ್ಯಾಯಾಲಯಗಳಲ್ಲಿ ಮೊದಲು ಎತ್ತಿ ಹಿಡಿದದ್ದು ಆ ಚೀನೀ ಅಡುಗೆಯವನ ಮೊಕದ್ದಮೆಯನ್ನೇ.

ಕೊನೆಯದಾಗಿ ದುಡ್ಡಿನ ಮಾತು. “ಏಷ್ಯನ್ನರಿಗೆ ಈ ದೇಶದಲ್ಲಿ ಏನು ಕಡಿಮೆ?” ಎಂದು ಕೇಳುವವರು ತೋರಿಸುವ ಅಂಕಿಯನ್ನು ಮೇಲಕ್ಕೆಳೆಯುವುದು ನಾವು. ಪ್ಯೂ ಸಂಶೋಧನಾ ಕೇಂದ್ರದ 2019ರ ಲೆಕ್ಕದಲ್ಲಿ ಏಷ್ಯಾ ಮೂಲದ ಕುಟುಂಬಗಳ ಪೈಕಿ ನಟ್ಟನಡುವಿನ ಕುಟುಂಬದ ವಾರ್ಷಿಕ ವರಮಾನ ಸುಮಾರು 85,800 ಡಾಲರ್. ಭಾರತೀಯರನ್ನು ಮಾತ್ರ ತೆಗೆದುಕೊಂಡರೆ 1,19,000. ಬರ್ಮಾ ಮೂಲದವರದು ಸುಮಾರು 44,400. ಎಲ್ಲರನ್ನೂ ಒಂದೇ ಕಲಮಿನಲ್ಲಿ ಕೂಡಿಸಿದಾಗ ಬರ್ಮೀಯರ ಬಡತನ ಕಾಗದದ ಮೇಲಿಂದ ಮಾಯವಾಗುತ್ತದೆ. ನಮ್ಮ ಸಂಬಳದ ಚೀಟಿ ಇನ್ನೊಬ್ಬರ ಸವಲತ್ತಿಗೆ ಅಡ್ಡ ನಿಂತಿರುವಾಗ “ನಮಗೂ ಅದಕ್ಕೂ ಸಂಬಂಧವಿಲ್ಲ” ಎನ್ನುವುದು ಹೇಗೆ?


ಫ್ರೀಮಾಂಟ್_ರಾಯ | ಫ್ರೀಮಾಂಟ್

ಆ ಸಂದೇಶ ಬರೆದವನು ನಾನೇ. ಹೆಸರು ಮರೆಮಾಚಿದ್ದಕ್ಕೆ ಧನ್ಯವಾದ, ಅದರ ಅಗತ್ಯವಿರಲಿಲ್ಲ.

ಚರಿತ್ರೆ ಚೆನ್ನಾಗಿ ಹೇಳಿದಿರಿ. ಆದರೆ ನನ್ನ ಗ್ರೀನ್ ಕಾರ್ಡ್ ಅರ್ಜಿ ಎಷ್ಟು ಕಾಲದಿಂದ ಸರದಿಯಲ್ಲಿ ಕೊಳೆಯುತ್ತಿದೆ ಎಂದು ಯಾವ ಚೀನೀ ಸಂಘವೂ ಬೀದಿಗಿಳಿದು ಕೇಳಿದ್ದನ್ನು ನಾನು ಕಾಣೆ. ಪ್ರತಿ ಸಮುದಾಯವೂ ತನ್ನ ಗಾಯವನ್ನು ತಾನೇ ತೊಳೆದುಕೊಳ್ಳುತ್ತದೆ. ನಾವೂ ಹಾಗೆಯೇ ಮಾಡೋಣ ಎಂದರೆ ಅದು ಜನಾಂಗ ದ್ವೇಷವೇ? ಇನ್ನೊಂದು ಮಾತು: ಗುಂಪಿನಲ್ಲಿ ಹೆಬ್ಬೆರಳೆತ್ತಿದವರಲ್ಲಿ ಅರ್ಧ ಜನ ಪ್ರಜೆಗಳಲ್ಲ. ಈಗಿನ ದಿನಗಳಲ್ಲಿ ಯಾವ ಹೇಳಿಕೆಯ ಕೆಳಗೆ ಯಾರ ಹೆಸರಿದೆ ಎಂದು ನೋಡುವವರು ಇದ್ದಾರೆ. ನೀವು ಪಾಸ್‌ಪೋರ್ಟ್ ಬದಲಿಸಿಕೊಂಡಿದ್ದೀರಿ, ನಿಮಗೆ ಧೈರ್ಯ ಸುಲಭ.


ಬಿಸಿಬೇಳೆ_ಭಟ್ಟ | ನ್ಯೂಜೆರ್ಸಿ

ರಾಯರೇ, ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡಬಾರದೆಂಬ ಹಾರ್ವರ್ಡ್ ಮೊಕದ್ದಮೆಯ ತೀರ್ಪು 2023ರಲ್ಲಿ ಬಂದಾಗ ನಮ್ಮ ಗುಂಪುಗಳಲ್ಲೆಲ್ಲ “ಏಷ್ಯನ್ ಮಕ್ಕಳಿಗೆ ಕೊನೆಗೂ ನ್ಯಾಯ ಸಿಕ್ಕಿತು” ಎಂದು ಸಂಭ್ರಮಿಸಿದವರು ಯಾರು? ಅಂದು ಏಷ್ಯನ್ನರಾಗಿದ್ದೆವು. ಹೊಡೆತ ಬಿದ್ದ ದಿನ ಬರೀ ಭಾರತೀಯರು.


ಫ್ರೀಮಾಂಟ್_ರಾಯ | ಫ್ರೀಮಾಂಟ್

ಅದು ನಿಜವಾದ ತಾರತಮ್ಯ. ಏಷ್ಯಾ ಮೂಲದ ಮಕ್ಕಳಿಗೆ “ವ್ಯಕ್ತಿತ್ವ”ದ ಅಂಕ ಕಡಿಮೆ ಬೀಳುತ್ತಿತ್ತು ಎಂಬುದು ವಿಚಾರಣೆಯಲ್ಲೇ ಹೊರಬಂದ ಸಂಗತಿ. ಅದರ ಬಗ್ಗೆ ಮಾತಾಡಿದರೆ ಸ್ವಾರ್ಥ, ಬೇರೆಯದರ ಬಗ್ಗೆ ಮಾತಾಡಿದರೆ ಸಮಾಜಸೇವೆ. ಇದ್ಯಾವ ನ್ಯಾಯ ಭಟ್ಟರೇ?


ಹಳೆಯ_ಡೆಟ್ರಾಯಿಟಿಗ | ಮಿಷಿಗನ್

ಹಿರಿಯನೆಂದು ಸ್ವಲ್ಪ ದೀರ್ಘವಾಗಿ ಬರೆಯಲು ಬಿಡಿ. 1982ರಲ್ಲಿ ನಾನು ಇಲ್ಲಿ ಕಾರು ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಜಪಾನಿನ ಕಾರುಗಳು ಮಾರುಕಟ್ಟೆ ನುಗ್ಗಿ, ಡೆಟ್ರಾಯಿಟ್‌ನಲ್ಲಿ ಸಾವಿರಗಟ್ಟಲೆ ಜನ ಕೆಲಸ ಕಳೆದುಕೊಂಡಿದ್ದ ಕಾಲ. ಜಪಾನೀ ಕಾರನ್ನು ಸುತ್ತಿಗೆಯಿಂದ ಜಜ್ಜುವುದು ಇಲ್ಲಿ ಮೇಳಗಳ ಮನರಂಜನೆಯಾಗಿತ್ತು. ಕಾರ್ಮಿಕ ಸಂಘದ ವಾಹನ ನಿಲ್ದಾಣದಲ್ಲಿ ವಿದೇಶೀ ಕಾರಿಗೆ ಪ್ರವೇಶವಿಲ್ಲ ಎಂಬ ಫಲಕ. ನಾನು ಅಮೆರಿಕನ್ ಕಾರನ್ನೇ ಓಡಿಸುತ್ತಿದ್ದೆ, ದೇಶಭಕ್ತಿಯಿಂದಲ್ಲ.

ಆ ಜೂನ್‌ನಲ್ಲಿ ವಿನ್ಸೆಂಟ್ ಚಿನ್ ಎಂಬ 27ರ ಹುಡುಗ, ನಕ್ಷೆ ಬರೆಯುವ ಕೆಲಸದವನು, ತನ್ನ ಮದುವೆಗೆ ಮುಂಚೆ ಗೆಳೆಯರೊಂದಿಗೆ ಹೈಲ್ಯಾಂಡ್ ಪಾರ್ಕ್‌ನ ಬಾರಿಗೆ ಹೋದ. ಅಲ್ಲಿ ಕ್ರೈಸ್ಲರ್ ಕಾರ್ಖಾನೆಯ ಮೇಲ್ವಿಚಾರಕ ರೊನಾಲ್ಡ್ ಎಬೆನ್ಸ್ ಮತ್ತು ಕೆಲಸ ಕಳೆದುಕೊಂಡಿದ್ದ ಅವನ ಮಲಮಗ ಮೈಕೆಲ್ ನಿಟ್ಸ್ ಇದ್ದರು. ಜಗಳವಾಯಿತು. ನಿಮ್ಮಂಥವರಿಂದಲೇ ನಮಗೆ ಕೆಲಸವಿಲ್ಲದಂತಾಯಿತು ಎಂಬರ್ಥದ ಬೈಗುಳ ಕೇಳಿಸಿತೆಂದು ಅಲ್ಲಿದ್ದ ನರ್ತಕಿಯೊಬ್ಬಳು ಸಾಕ್ಷಿ ನುಡಿದಳು. ಹೊರಬಂದ ಮೇಲೂ ಹುಡುಕಿಕೊಂಡು ಹೋಗಿ, ನಿಟ್ಸ್ ಹಿಡಿದುಕೊಂಡ, ಎಬೆನ್ಸ್ ಬೇಸ್‌ಬಾಲ್ ಬ್ಯಾಟಿನಿಂದ ತಲೆಗೆ ಹೊಡೆದ. ನಾಲ್ಕು ದಿನಕ್ಕೆ ಚಿನ್ ತೀರಿಕೊಂಡ. ಮದುವೆಗೆ ಬರಬೇಕಿದ್ದ ಅತಿಥಿಗಳು ಅಂತ್ಯಸಂಸ್ಕಾರಕ್ಕೆ ಬಂದರು. ಗಮನಿಸಿ, ಅವನು ಜಪಾನಿಯಲ್ಲ. ಹುಟ್ಟಿದ್ದು ಚೀನಾದಲ್ಲಿ, ಬೆಳೆದದ್ದು ಇಲ್ಲಿ, ದತ್ತುಮಗನಾಗಿ.

1983ರ ಮಾರ್ಚಿನಲ್ಲಿ ನ್ಯಾಯಾಧೀಶ ಚಾರ್ಲ್ಸ್ ಕಾಫ್‌ಮನ್ ಕೊಟ್ಟ ಶಿಕ್ಷೆ ಮೂರು ವರ್ಷ ಪ್ರೊಬೇಷನ್, ಮೂರು ಸಾವಿರ ಡಾಲರ್ ದಂಡ. ಜೈಲಿಲ್ಲ. ಆ ದಿನದಿಂದಲೇ ಇಲ್ಲಿನ ಚೀನೀ, ಜಪಾನೀ, ಕೊರಿಯನ್, ಫಿಲಿಪಿನೋ ಜನ ಮೊತ್ತಮೊದಲ ಬಾರಿಗೆ ಒಂದೇ ಸಂಘಟನೆಯಡಿ ಕೂಡಿದರು. ಅವನ ತಾಯಿ ಲಿಲಿ ಚಿನ್ ಒಡಕು ಇಂಗ್ಲಿಷಿನಲ್ಲೇ ಊರೂರಿಗೆ ಹೋಗಿ ಮಾತಾಡಿದಳು. ನಾಗರಿಕ ಹಕ್ಕಿನ ಕಾನೂನಿನಡಿ ಒಕ್ಕೂಟ ಸರ್ಕಾರ ಮೊಕದ್ದಮೆ ಹೂಡಿತು. ಎಬೆನ್ಸ್‌ಗೆ 25 ವರ್ಷ ಎಂದಾಯಿತು, ಮೇಲ್ಮನವಿಯಲ್ಲಿ ಬಿದ್ದುಹೋಯಿತು, 1987ರಲ್ಲಿ ಸಿನ್ಸಿನಾಟಿಯ ಮರುವಿಚಾರಣೆಯಲ್ಲಿ ಬಿಡುಗಡೆಯೂ ಆಯಿತು. ಒಂದು ದಿನವೂ ಸೆರೆವಾಸವಿಲ್ಲ. ಆ ತಾಯಿ ಈ ದೇಶವೇ ಬೇಡವೆಂದು ಚೀನಾಕ್ಕೆ ಹೊರಟುಹೋದಳು.

ಆಗ ನಮ್ಮ ಭಾರತೀಯರ ಮನೆಗಳಲ್ಲಿ ಆಡುತ್ತಿದ್ದ ಮಾತು, ರಾಯರು ಗುಂಪಿನಲ್ಲಿ ಬರೆದದ್ದರ ಯಥಾಪ್ರತಿ. ಐದೇ ವರ್ಷಕ್ಕೆ, 1987ರಲ್ಲಿ, ನ್ಯೂಜೆರ್ಸಿಯಲ್ಲಿ ಕುಂಕುಮ ಇಟ್ಟವರನ್ನು ಹುಡುಕಿ ಹೊಡೆಯುವ “ಡಾಟ್‌ಬಸ್ಟರ್ಸ್” ಗುಂಪು ಎದ್ದಿತು. ನವರೋಜ್ ಮೋದಿ ಎಂಬಾತ ಹೊಡೆತಕ್ಕೆ ಸತ್ತ. ಆಗ ನಮ್ಮವರು ಮಾದರಿ ಹುಡುಕಿದ್ದು ಚಿನ್ ಪ್ರಕರಣದ ಹೋರಾಟದಲ್ಲೇ. ಭಟ್ಟರು ನ್ಯೂಜೆರ್ಸಿಯವರು, ಅಲ್ಲಿನ ಹಿರಿಯರನ್ನು ಕೇಳಿ ನೋಡಲಿ.

ವೀಸಾದವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ, ನಾನೂ ಅದನ್ನು ಉಂಡವನು. ಹಾಗಾಗಿಯೇ ಸಹಿಯನ್ನು ವ್ಯಕ್ತಿಗಳು ಹಾಕಬೇಕಿಲ್ಲ, ಕೂಟ ಹಾಕಲಿ. ಸಂಘಗಳಿರುವುದು ಅದಕ್ಕೇ.


ಕುಶಾಲನಗರದ_ಸಿಸ್ಟರ್ | ಹೂಸ್ಟನ್

ನಾನು ಐಸಿಯು ದಾದಿ. ನನ್ನ ಪಾಳಿಯಲ್ಲಿ ಮಲಯಾಳಿಗಳು, ಮಂಗಳೂರಿನವರು, ಇನ್ನುಳಿದವರಲ್ಲಿ ಹೆಚ್ಚಿನವರು ಫಿಲಿಪಿನೋಗಳು. ಅವರನ್ನು ನಾವು “ಆತೆ” ಎಂದೇ ಕರೆಯುತ್ತೇವೆ, ಅವರ ಭಾಷೆಯಲ್ಲಿ ಅಕ್ಕ.

ಅವರು ಇಷ್ಟು ಸಂಖ್ಯೆಯಲ್ಲಿ ಇಲ್ಲಿರುವುದು ಆಕಸ್ಮಿಕವಲ್ಲ. ಫಿಲಿಪೀನ್ಸ್ 1898ರಿಂದ 1946ರವರೆಗೆ ಅಮೆರಿಕದ ವಸಾಹತು. ಅಲ್ಲಿನ ನರ್ಸಿಂಗ್ ಶಾಲೆಗಳನ್ನು ಅಮೆರಿಕನ್ನರೇ ತಮ್ಮ ಪಠ್ಯದಂತೆ ಕಟ್ಟಿದರು. ಇಲ್ಲಿ ಕೊರತೆಯಾದಾಗಲೆಲ್ಲ ಅಲ್ಲಿಂದ ಕರೆಸಿಕೊಂಡರು. ಕೋವಿಡ್ ಬಂದಾಗ ಐಸಿಯು ವಾರ್ಡುಗಳಲ್ಲಿ ನಿಂತವರಲ್ಲಿ ಅವರ ಪಾಲು ದೊಡ್ಡದು. ದೇಶದ ನೋಂದಾಯಿತ ದಾದಿಯರಲ್ಲಿ ಅವರು ನೂರಕ್ಕೆ ನಾಲ್ಕರಷ್ಟು. 2020ರ ಸೆಪ್ಟೆಂಬರಿನಲ್ಲಿ ದಾದಿಯರ ಸಂಘ ಲೆಕ್ಕ ಹಾಕಿದಾಗ, ಕೋವಿಡ್‌ಗೆ ಬಲಿಯಾದ ದಾದಿಯರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ಫಿಲಿಪಿನೋ. ಅದೇ ತಿಂಗಳುಗಳಲ್ಲಿ, ಸಮವಸ್ತ್ರದಲ್ಲೇ ಬಸ್ಸಿಗೆ ನಿಂತ ನನ್ನ ಸಹೋದ್ಯೋಗಿಗೆ “ರೋಗ ತಂದವಳು” ಎಂದು ಒಬ್ಬ ಉಗುಳಿದ. ಉಗುಳಿದವನು ನಾಳೆ ಉಸಿರಿಲ್ಲದೆ ಬಂದರೆ ಕೊಳವೆ ಹಾಕಬೇಕಾದವಳು ಅವಳೇ.

ಹಳೆಯದೊಂದು ಪ್ರಕರಣವನ್ನು ನಮಗೆ ಹಿರಿಯ ಆತೆಯೊಬ್ಬರು ಹೇಳಿದರು. ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ 1975ರಲ್ಲಿ ರೋಗಿಗಳು ಇದ್ದಕ್ಕಿದ್ದಂತೆ ಉಸಿರು ನಿಂತು ಸಾಯತೊಡಗಿದರು. ನೇರ ಸಾಕ್ಷ್ಯವಿಲ್ಲದಿದ್ದರೂ ಫಿಲಿಪಿನಾ ನಾರ್ಸಿಸೋ, ಲಿಯೊನೋರಾ ಪೆರೆಸ್ ಎಂಬಿಬ್ಬರು ಫಿಲಿಪಿನೋ ದಾದಿಯರನ್ನು ಅಪರಾಧಿಗಳೆಂದು ತೀರ್ಮಾನಿಸಲಾಯಿತು. ಮರುವಿಚಾರಣೆಗೆ ಆದೇಶವಾಗಿ 1978ರಲ್ಲಿ ಆರೋಪ ಕೈಬಿಟ್ಟರು. ವಿದೇಶೀ ದಾದಿಯ ಮೇಲೆ ಬೊಟ್ಟು ತೋರಿಸುವುದು ಎಷ್ಟು ಸುಲಭ ಎಂದು ಅವರು ನಮ್ಮನ್ನು ಎಚ್ಚರಿಸಲು ಹೇಳಿದ ಕಥೆ ಇದು. ಚಾರ್ಟಿನಲ್ಲಿ ಸಮಯ ಬರೆಯುವುದನ್ನು ನಾನು ಆಮೇಲೆ ಎಂದೂ ಮುಂದೂಡಿಲ್ಲ.


ಮಲೆನಾಡಿನ_ಮೇಡಂ | ಸೇಂಟ್ ಪಾಲ್, ಮಿನೆಸೋಟ

ತುಂಗಾತೀರ ಅವರು ಬರ್ಮೀಯರ ವರಮಾನ ಹೇಳಿ ಮುಂದಕ್ಕೆ ಹೋಗಿಬಿಟ್ಟರು. ಅಲ್ಲಿಯೇ ಸ್ವಲ್ಪ ನಿಲ್ಲಬೇಕು.

ನಾನು ಸಮುದಾಯ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಮೋಂಗ್ ಮಕ್ಕಳು ಬಹಳ. ಅವರ ಅಜ್ಜಂದಿರು ಲಾವೋಸ್‌ನ ಬೆಟ್ಟಗಳಲ್ಲಿ ಬೇಸಾಯ ಮಾಡಿಕೊಂಡಿದ್ದವರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸಿಐಎ ಅವರನ್ನು ಗುಟ್ಟಾಗಿ ಸೈನ್ಯ ಕಟ್ಟಿ ಕಾದಾಡಿಸಿತು. ಹದಿಹರೆಯದ ಹುಡುಗರ ಕೈಗೂ ಬಂದೂಕು ಬಂತು. 1975ರಲ್ಲಿ ಅಮೆರಿಕ ಗಂಟುಮೂಟೆ ಕಟ್ಟಿದಾಗ ದಂಡನಾಯಕರು ವಿಮಾನ ಹತ್ತಿದರು, ಉಳಿದವರು ಮೆಕಾಂಗ್ ನದಿ ಈಜಿ ಥಾಯ್ಲೆಂಡಿನ ಶಿಬಿರ ಸೇರಿದರು, ಎಷ್ಟೋ ಜನ ನದಿಯಲ್ಲೇ ಹೋದರು. ಹಾಗೆ ಬಂದವರು ಮಿನೆಸೋಟದ ಚಳಿಯಲ್ಲಿ, ವಿಸ್ಕಾನ್ಸಿನ್‌ನಲ್ಲಿ, ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ನೆಲೆ ನಿಂತರು. ಅವರ ಭಾಷೆಗೆ ರೋಮನ್ ಲಿಪಿ ಹೊಂದಿಸಿದ್ದೇ 1950ರ ದಶಕದಲ್ಲಿ. ಓದು ಬರಹ ಅರಿಯದ ರೈತ ಕುಟುಂಬ, ಯುದ್ಧದಿಂದ ಎದ್ದು ಬಂದದ್ದು, ಮೊದಲ ತಲೆಮಾರಿಗೆ ಕಾರ್ಖಾನೆ ಕೆಲಸವೂ ಕಷ್ಟ.

ನಾವು ಬಂದದ್ದು ಹೇಗೆ? 1965ರ ವಲಸೆ ಕಾಯಿದೆ ದೇಶವಾರು ತಾರತಮ್ಯ ತೆಗೆದು, ಕುಟುಂಬ ಸಂಬಂಧದ ಜೊತೆಗೆ ಕೌಶಲಕ್ಕೂ ಬಾಗಿಲು ತೆರೆಯಿತು. ಭಾರತದಲ್ಲಿ ಸರ್ಕಾರಿ ಖರ್ಚಿನಲ್ಲಿ ಎಂಜಿನಿಯರಿಂಗ್, ವೈದ್ಯಕೀಯ ಓದಿದ, ಬಹುತೇಕ ಮೇಲ್ಜಾತಿಯ ನಮ್ಮಂಥವರು ಜರಡಿಯಲ್ಲಿ ಸೋಸಿ ಬಂದೆವು. ಹಾಗೆ ಸೋಸಿ ಬಂದವರ ಮಕ್ಕಳನ್ನು ಯುದ್ಧದಿಂದ ಓಡಿ ಬಂದವರ ಮಕ್ಕಳ ಪಕ್ಕದಲ್ಲಿ ಕೂರಿಸಿ, ಇಬ್ಬರೂ ಏಷ್ಯನ್ನರೇ, ನೀವೇಕೆ ಹಿಂದೆ ಎಂದು ಕೇಳುತ್ತಾರೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ನನ್ನ ಒಬ್ಬ ವಿದ್ಯಾರ್ಥಿನಿಗೆ ನಿಮ್ಮ ವರ್ಗಕ್ಕೆ ಇದು ಅನ್ವಯಿಸುವುದಿಲ್ಲ ಎಂಬ ಉತ್ತರ ಬಂತು. ಅವಳ ತಾಯಿ ರಾತ್ರಿ ಪಾಳಿಯಲ್ಲಿ ಕೋಳಿ ಮಾಂಸದ ಕಾರ್ಖಾನೆಗೆ ಹೋಗುವವರು.

ಇದಕ್ಕೆ ಪರಿಹಾರವಾಗಿ ಅಂಕಿಗಳನ್ನು ಮೂಲವಾರು ಬಿಡಿಸಿ ಕೊಡಿ ಎಂಬ ಬೇಡಿಕೆ ಇದೆ. ಕ್ಯಾಲಿಫೋರ್ನಿಯಾ 2016ರಲ್ಲಿ ಕಾನೂನು ಮಾಡಿತು. ರಾಯರಿಗೆ ಖುಷಿಯಾಗುವ ಒಂದು ಸಂಗತಿ ಹೇಳುತ್ತೇನೆ: ಆ ಮಸೂದೆಯನ್ನು ಜೋರಾಗಿ ವಿರೋಧಿಸಿದವರಲ್ಲಿ ಅಲ್ಲಿನ ಕೆಲವು ಚೀನೀ ಗುಂಪುಗಳೂ ಇದ್ದವು, ಇದು ಕಾಲೇಜು ಪ್ರವೇಶದಲ್ಲಿ ನಮಗೆ ಮುಳುವಾಗುತ್ತದೆ ಎಂಬ ಭಯದಿಂದ. ತಮಗಿಂತ ಕೆಳಗಿರುವವರ ಕೈಬಿಡುವ ಚಾಳಿ ನಮ್ಮೊಬ್ಬರ ಸೊತ್ತಲ್ಲ.

ಕಾಂಬೋಡಿಯಾದವರದು ಇನ್ನೂ ಘೋರ. ಥಾಯ್ ಶಿಬಿರದಲ್ಲಿ ಹುಟ್ಟಿ, ಕೂಸಾಗಿ ಇಲ್ಲಿಗೆ ಬಂದು, ಬಡ ಬಡಾವಣೆಯ ಗ್ಯಾಂಗುಗಳ ನಡುವೆ ಬೆಳೆದು, ಹರೆಯದಲ್ಲಿ ಅಪರಾಧ ಮಾಡಿ, ಶಿಕ್ಷೆಯನ್ನೂ ಮುಗಿಸಿದವರನ್ನು 1996ರ ವಲಸೆ ಕಾನೂನಿನ ಬಲದಿಂದ ಗಡೀಪಾರು ಮಾಡುತ್ತಾರೆ. 2002ರಲ್ಲಿ ಕಾಂಬೋಡಿಯಾದೊಂದಿಗೆ ಒಪ್ಪಂದವಾದ ಮೇಲೆ, ಆ ದೇಶದಲ್ಲಿ ಒಮ್ಮೆಯೂ ಕಾಲಿಡದವರನ್ನು “ವಾಪಸು” ಕಳುಹಿಸಿದ್ದಾರೆ.


ಥೇಮ್ಸ್_ದಂಡೆ | ಲಂಡನ್

ಅಮೆರಿಕದವರು ಎಲ್ಲವೂ ತಮ್ಮಲ್ಲೇ ನಡೆಯಿತೆಂದುಕೊಳ್ಳುತ್ತೀರಿ! ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಸರಕು ಹಡಗುಗಳಲ್ಲಿ ದುಡಿದ ಚೀನೀ ನಾವಿಕರು ಲಿವರ್‌ಪೂಲ್‌ನಲ್ಲಿ ಮನೆ ಮಾಡಿ, ಅಲ್ಲಿನ ಹೆಂಗಸರನ್ನು ಮದುವೆಯಾಗಿದ್ದರು. ಯುದ್ಧ ಮುಗಿದದ್ದೇ ತಡ, 1945-46ರಲ್ಲಿ ಗೃಹ ಇಲಾಖೆ ಗುಟ್ಟಾಗಿ ಸುಮಾರು ಎರಡು ಸಾವಿರ ಜನರನ್ನು ಒಕ್ಕಲೆಬ್ಬಿಸಿ ಹಡಗು ಹತ್ತಿಸಿತು. ಹೆಂಡತಿಯರಿಗೆ ತಿಳಿಸಲಿಲ್ಲ. ಗಂಡ ಬಿಟ್ಟು ಓಡಿಹೋದನೆಂದೇ ಎಷ್ಟೋ ಮಂದಿ ನಂಬಿ ಸತ್ತರು, ಮಕ್ಕಳು ಮುದುಕರಾದ ಮೇಲೆ ಕಡತಗಳಿಂದ ನಿಜ ತಿಳಿದರು. ಬಲವಂತ ನಡೆದಿತ್ತೆಂದು ಗೃಹ ಇಲಾಖೆಯ ವರದಿಯೇ 2022ರಲ್ಲಿ ಒಪ್ಪಿತು.


ಕೋರಮಂಗಲದ_ಕಾಗೆ | ಬೆಂಗಳೂರು

ಅಮೆರಿಕ, ಬ್ರಿಟನ್ ಎಲ್ಲ ಸರಿ. 2012ರ ಆಗಸ್ಟಿನಲ್ಲಿ ತಮ್ಮ ಮೇಲೆ ದಾಳಿಯಾಗುತ್ತದೆ ಎಂಬ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ವಿಶೇಷ ರೈಲು ಹತ್ತಿದ್ದು ಬೆಂಗಳೂರಿನಿಂದಲೇ. 2020ರಲ್ಲಿ ಅದೇ ಮುಖಗಳನ್ನು ನೋಡಿ “ಕೊರೊನಾ” ಎಂದು ಕೂಗಿದ್ದೂ ನಮ್ಮ ದೇಶದ ನಗರಗಳಲ್ಲೇ, ಕೇಂದ್ರ ಗೃಹ ಸಚಿವಾಲಯವೇ ರಾಜ್ಯಗಳಿಗೆ ಎಚ್ಚರಿಕೆಯ ಪತ್ರ ಬರೆಯಬೇಕಾಯಿತು. ಸ್ಯಾನ್ ಹೋಸೆಯ ಕೂಟ ಇದರ ಬಗ್ಗೆಯೂ ಹೇಳಿಕೆ ಕೊಟ್ಟಿತ್ತೇ?


ತುಂಗಾತೀರ | ಸ್ಯಾನ್ ಹೋಸೆ

ಕೊಡಲಿಲ್ಲ, ಕೊಡಬೇಕಿತ್ತು. ಆ ವಿಷಯಕ್ಕೆ ನೀವು ಪ್ರತ್ಯೇಕ ಚರ್ಚೆ ಆರಂಭಿಸಿ, ನಾನು ಬರುತ್ತೇನೆ. ಆದರೆ ಅಲ್ಲಿ ಆಗಲಿಲ್ಲವಾದ್ದರಿಂದ ಇಲ್ಲಿಯೂ ಬೇಡ ಎಂಬ ತರ್ಕಕ್ಕೆ ಅದು ಊರುಗೋಲಾಗುವುದು ಬೇಡ.


ನಿರ್ವಾಹಕರು

ಇಲ್ಲಿದ್ದ ಒಂದು ಪ್ರತಿಕ್ರಿಯೆಯನ್ನು ತೆಗೆದಿದ್ದೇವೆ. ಕಣ್ಣಿನ ಆಕಾರ, ಊಟದ ಪದ್ಧತಿ ಹಿಡಿದು ಹಾಸ್ಯ ಮಾಡುವುದಕ್ಕೆ ಇಲ್ಲಿ ಜಾಗವಿಲ್ಲ. ಅದೇ ಸದಸ್ಯರು ಮತ್ತೊಮ್ಮೆ ಬರೆದರೆ ಖಾತೆ ಮುಚ್ಚಲಾಗುವುದು.


ಕೋಡು_ಬಳೆ | ಸನಿವೇಲ್

ಯಾರೂ ಮುಟ್ಟದ ಒಂದು ಕಡೆ ಇದೆ: ನಮ್ಮ ಕಚೇರಿಗಳು. 2020ರಲ್ಲಿ ಎಂಐಟಿಯ ಜ್ಯಾಕ್ಸನ್ ಲು ಮತ್ತು ಸಂಗಡಿಗರ ಅಧ್ಯಯನ ಬಂತು. ಅಮೆರಿಕದ ಸಂಸ್ಥೆಗಳಲ್ಲಿ ಮುಂದಾಳತ್ವದ ಹುದ್ದೆ ತಲುಪುವುದರಲ್ಲಿ ಪೂರ್ವ ಏಷ್ಯಾದವರು ಹಿಂದೆ, ದಕ್ಷಿಣ ಏಷ್ಯಾದವರು ಹಾಗಲ್ಲ. ವಿಚಿತ್ರವೆಂದರೆ ಪೂರ್ವಗ್ರಹ ನಮ್ಮ ಮೇಲೆಯೇ ಹೆಚ್ಚು ಎಂದೂ ಅದೇ ಅಧ್ಯಯನ ಹೇಳಿತು. ವ್ಯತ್ಯಾಸ ಇರುವುದು ಸಭೆಯಲ್ಲಿ ದನಿ ಎತ್ತುವ ರೀತಿಯಲ್ಲಿ, ದನಿ ಎತ್ತಿದವನೇ ನಾಯಕ ಎಂದು ಅಮೆರಿಕದ ಕಚೇರಿ ಅಂದುಕೊಂಡಿರುವುದರಲ್ಲಿ.

ನಾನು ಮ್ಯಾನೇಜರುಗಳ ವಾರ್ಷಿಕ ಮೌಲ್ಯಮಾಪನ ಸಭೆಗಳಲ್ಲಿ ಕೂರುತ್ತೇನೆ. ಚೀನೀ, ಕೊರಿಯನ್ ಎಂಜಿನಿಯರುಗಳ ಬಗ್ಗೆ “ಕೆಲಸ ಅಚ್ಚುಕಟ್ಟು, ಆದರೆ ಮಾತಿಲ್ಲ, ಇನ್ನೊಂದು ವರ್ಷ ನೋಡೋಣ” ಎಂದು ಬಡ್ತಿ ತಡೆಯುವ ಬಾಯಿಗಳಲ್ಲಿ ನಮ್ಮವೂ ಇವೆ. 1882ರ ನಿಷೇಧ ಬಿಳಿಯರದು ಎಂದು ತಳ್ಳಿಹಾಕಬಹುದು. ಇದನ್ನು ಯಾರ ಮೇಲೆ ಹಾಕುವುದು?

ಚೀನೀ ವಿಜ್ಞಾನಿಗಳ ಪಾಡು ಇನ್ನೊಂದು. 2018ರಲ್ಲಿ ಆರಂಭಿಸಿದ “ಚೈನಾ ಇನಿಶಿಯೇಟಿವ್” ಎಂಬ ಬೇಹುಗಾರಿಕೆ ಬೇಟೆಯಲ್ಲಿ ಎಂಐಟಿಯ ಗ್ಯಾಂಗ್ ಚೆನ್ ಅವರನ್ನೂ ಬಂಧಿಸಿದರು, ಒಂದು ವರ್ಷ ಕಳೆದು 2022ರ ಜನವರಿಯಲ್ಲಿ ಮೊಕದ್ದಮೆ ಕೈಬಿಟ್ಟರು. ಮರುತಿಂಗಳೇ ಆ ಕಾರ್ಯಕ್ರಮವನ್ನೂ ನಿಲ್ಲಿಸಿದರು. ಸಂಶೋಧನೆ ಬಿಟ್ಟು ಊರಿಗೆ ಮರಳಿದವರು ನನ್ನ ಪರಿಚಯದಲ್ಲೇ ಇದ್ದಾರೆ.


ಫ್ರೀಮಾಂಟ್_ರಾಯ | ಫ್ರೀಮಾಂಟ್

ಕೋಡುಬಳೆಯವರೇ, ಬೇಹುಗಾರಿಕೆ ನಡೆಯುವುದೇ ಇಲ್ಲ ಎನ್ನುತ್ತೀರಾ? ದೇಶಕ್ಕೆ ತನ್ನ ಗುಟ್ಟು ಕಾಯುವ ಹಕ್ಕಿದೆ.


ಕೋಡು_ಬಳೆ | ಸನಿವೇಲ್

ನಡೆಯುತ್ತದೆ. ಕದ್ದವನನ್ನು ಹಿಡಿಯಲಿ. ಮೊದಲು ಕುಲ ನೋಡಿ ಆಮೇಲೆ ಕಳವು ಹುಡುಕುವುದು ಬೇರೆ. 1942ರಲ್ಲಿ ಇದೇ ಮಾತು ಹೇಳಿ 1.2 ಲಕ್ಷ ಜಪಾನೀ ಮೂಲದವರನ್ನು ಮುಳ್ಳುತಂತಿಯೊಳಗೆ ಹಾಕಿದರು, ಅವರಲ್ಲಿ ಮೂರನೇ ಎರಡು ಪಾಲು ಇಲ್ಲೇ ಹುಟ್ಟಿದ ಪ್ರಜೆಗಳು. 1988ರಲ್ಲಿ ರೇಗನ್ ಸಹಿ ಹಾಕಿದ ಕಾಯಿದೆಯಲ್ಲಿ ಕ್ಷಮೆ ಕೇಳಿ, ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಕೊಟ್ಟರು. ಆ ಹೊತ್ತಿಗೆ ಮಾರಿಹೋದ ತೋಟಗಳು ಯಾರದೋ ಆಗಿದ್ದವು.


ತುಂಗಾತೀರ | ಸ್ಯಾನ್ ಹೋಸೆ

ರಾಯರೇ, ವೀಸಾದವರ ಹೆದರಿಕೆಗೆ ನಾನು ಉತ್ತರಿಸದೆ ಬಿಟ್ಟಿದ್ದೆ. 1892ರಲ್ಲಿ ಗಿಯರಿ ಕಾಯಿದೆ ಬಂತು. ಚೀನೀ ಕಾರ್ಮಿಕರೆಲ್ಲ ಗುರುತುಪತ್ರ ಮಾಡಿಸಿ ಜೊತೆಗಿಟ್ಟುಕೊಳ್ಳಬೇಕು, ಇಲ್ಲದವರನ್ನು ಹಿಡಿದು ಹೊರಹಾಕಬಹುದು. ಅವರ ಸಂಘಗಳು ಯಾರೂ ನೋಂದಾಯಿಸಬೇಡಿ ಎಂದು ಕರೆ ಕೊಟ್ಟವು, ಬಹುಪಾಲು ಜನ ನಿಜಕ್ಕೂ ನೋಂದಾಯಿಸಲಿಲ್ಲ. ಗಾಂಧಿ ದಕ್ಷಿಣ ಆಫ್ರಿಕಾಕ್ಕೆ ಕಾಲಿಡುವುದಕ್ಕೂ ಮುಂಚಿನ ಮಾತಿದು. ಮರುವರ್ಷ ಸುಪ್ರೀಂ ಕೋರ್ಟಿನಲ್ಲಿ ಸೋತರು. ಅವರಷ್ಟು ಧೈರ್ಯ ಮಾಡಿ ಎಂದು ನಾನು ಯಾವ ವೀಸಾದಾರನನ್ನೂ ಕೇಳುವುದಿಲ್ಲ. ಹಳೆಯ ಡೆಟ್ರಾಯಿಟಿಗರು ಹೇಳಿದಂತೆ ಸಹಿ ಕೂಟದ್ದು, ಪದಾಧಿಕಾರಿಗಳಲ್ಲಿ ಪ್ರಜೆಗಳಾದವರು ಹಾಕಲಿ.


ಫ್ರೀಮಾಂಟ್_ರಾಯ | ಫ್ರೀಮಾಂಟ್

ಕೂಟ ತೆರಿಗೆ ವಿನಾಯಿತಿಯ ಲಾಭರಹಿತ ಸಂಸ್ಥೆ. ರಾಜಕೀಯಕ್ಕೆ ಇಳಿದರೆ ವಿನಾಯಿತಿ ಹೋಗುತ್ತದೆ. ದೀಪಾವಳಿಯ ಲೆಕ್ಕ ಬರೆಯುವವನು ನಾನು, ಆ ಚಿಂತೆಯೂ ನನ್ನದು.


ಹಳೆಯ_ಡೆಟ್ರಾಯಿಟಿಗ | ಮಿಷಿಗನ್

ನಿಷೇಧವಿರುವುದು ಚುನಾವಣೆಯಲ್ಲಿ ಅಭ್ಯರ್ಥಿಯ ಪರವೋ ವಿರುದ್ಧವೋ ನಿಲ್ಲುವುದಕ್ಕೆ. ಮುದುಕರನ್ನು ಬೀದಿಯಲ್ಲಿ ಕೆಡವಬೇಡಿ ಎನ್ನುವುದಕ್ಕಲ್ಲ. 2021ರಲ್ಲಿ ನಿಮ್ಮ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಬೆಳಗಿನ ನಡಿಗೆಗೆ ಹೋಗಿದ್ದ 84ರ ಥಾಯ್ ಅಜ್ಜನನ್ನು ಒಬ್ಬ ನುಗ್ಗಿ ಬಂದು ಕೆಡವಿದ, ಅವರು ಉಳಿಯಲಿಲ್ಲ. ಅದಕ್ಕೆ ಪಕ್ಷವಿದೆಯೇ? ಅನುಮಾನವಿದ್ದರೆ ಕೂಟದ ಲೆಕ್ಕಪರಿಶೋಧಕರನ್ನು ಕೇಳಿ, ಅರ್ಧ ಗಂಟೆಯ ಕೆಲಸ.


ಫ್ರೀಮಾಂಟ್_ರಾಯ | ಫ್ರೀಮಾಂಟ್

ಕೇಳುತ್ತೇನೆ. ನನ್ನ ಮತ ಸದ್ಯಕ್ಕೆ “ಬೇಡ” ಎಂದೇ ಇದೆ, ಇಲ್ಲಿ ಬರೆದವರು ಹೆಚ್ಚು ಜನ ಎಂಬ ಕಾರಣಕ್ಕೆ ಬದಲಾಗುವುದಿಲ್ಲ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬೀಗ ಜಡಿದದ್ದು ಸರಿಯಲ್ಲ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯ ಪಟ್ಟಿಗೆ ನಾನೇ ಸೇರಿಸುತ್ತೇನೆ. ತುಂಗಾತೀರ ಅವರೇ, ಹೇಳಿಕೆಯ ಪೂರ್ತಿ ಪಠ್ಯ ಕಳುಹಿಸಿ. ಅದರಲ್ಲಿ ಗ್ರೀನ್ ಕಾರ್ಡ್ ಸರದಿಯ ಬಗ್ಗೆ ಒಂದು ವಾಕ್ಯ ಸೇರಿಸಲು ಆ ಸಂಘಗಳು ಒಪ್ಪುತ್ತವೆಯೇ ಎಂದೂ ಕೇಳಿ ನೋಡಿ. ಒಗ್ಗಟ್ಟು ಎರಡೂ ಕಡೆಯಿಂದ ಇರಬೇಕಲ್ಲವೇ?


ತುಂಗಾತೀರ | ಸ್ಯಾನ್ ಹೋಸೆ

ನ್ಯಾಯವಾದ ಮಾತು, ಕೇಳುತ್ತೇನೆ. ಚೀನಾದವರೂ ಅದೇ ಸರದಿಯಲ್ಲಿ ನಮ್ಮ ಹಿಂದೆಯೇ ನಿಂತಿದ್ದಾರೆ, ಒಪ್ಪದಿರಲು ಅವರಿಗೆ ಕಾರಣವಿಲ್ಲ. ಪಠ್ಯ ಇಂದು ರಾತ್ರಿ ಮಿಂಚಂಚೆಗೆ ಹಾಕುತ್ತೇನೆ. ಸಭೆಯಲ್ಲಿ ನನಗೆ ಐದು ನಿಮಿಷ ಸಾಲದು, ಹದಿನೈದು ಕೊಡಿಸಿ.


ಬಿಸಿಬೇಳೆ_ಭಟ್ಟ | ನ್ಯೂಜೆರ್ಸಿ

ಹದಿನೈದು ಎಂದರೆ ನಲವತ್ತೈದು. ರಾಯರೇ, ಸಭೆಯನ್ನು ಊಟದ ನಂತರ ಇಡಿ.